ಓದುಗರ ಪ್ರಶ್ನೆ: ಮಾಗಡಿ ಕೆರೆಯ ಬಳಿ ತಂಗುದಾಣ ಎಲ್ಲಿ ಕಟ್ಟಬೇಕು?

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವವರಿಗಾಗಿ ನಾಲ್ಕು ಕೊಠಡಿ, ಶೌಚಾಲಯ ಮತ್ತು ವೀಕ್ಷಣಾ ಗೋಪುರ ಕಟ್ಟಿಸಬೇಕೆಂದು ನಮ್ಮ ಸಂಘ ಯೋಚಿಸಿದೆ. ಕೆರೆಗೆ ಹೊಂದಿಕೊಂಡೇ ಬೇಸಿಗೆಯಲ್ಲಿ ಖಾಲಿ ಬೀಳುವ ಜಾಗವಿದೆ. ಅದು ಆದೀತೇ?
– ಓದುಗರೊಬ್ಬರು, ಶಿರಹಟ್ಟಿ ತಾಲ್ಲೂಕು

ಉತ್ತರ: ಆಗದು. ಏಪ್ರಿಲ್‌ನಲ್ಲಿ ಖಾಲಿ ಕಾಣುವ ಕೆರೆಯಂಗಳದಲ್ಲೇ ಮಳೆಗಾಲ ಮುಗಿದ ಮೇಲೆ ನೀರು ತೆಳುವಾಗಿ ಹರಡಿಕೊಳ್ಳುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೂ ಕೆಸರು ಕೆದಕಿ ತಿನ್ನುವ ಸಣ್ಣ ಹಕ್ಕಿಗಳಿಗೂ ಬೇಕಾದದ್ದು ಇಂಥ ಆಳವಿಲ್ಲದ ಅಂಚು. ಆದ್ದರಿಂದ ದೂರವನ್ನು ಕೆರೆ ಕೋಡಿ ಬಿದ್ದಾಗಿನ ನೀರಿನ ಅಂಚಿನಿಂದ ಅಳೆಯಬೇಕು.

2017ರ ಜೌಗು ಪ್ರದೇಶ ನಿಯಮಗಳೂ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟವನ್ನು ಹಿಡಿದು, ಅಲ್ಲಿಂದ 50 ಮೀಟರ್ ಒಳಗೆ ದೋಣಿಕಟ್ಟೆಯ ಹೊರತು ಶಾಶ್ವತ ಕಟ್ಟಡ ಕೂಡದೆನ್ನುತ್ತವೆ. ಮಾಗಡಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದಲ್ಲದೆ ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲೂ ಆಗಿರುವುದರಿಂದ, ನಕ್ಷೆ ಬರೆಸುವ ಮೊದಲೇ ಅರಣ್ಯ ಇಲಾಖೆಯನ್ನು ಕೇಳಿರಿ. 50 ಮೀಟರ್ ಎಂಬುದು ಕಾಗದದ ಲೆಕ್ಕ, ಹಕ್ಕಿಯ ಲೆಕ್ಕ ಬೇರೆ. ಹೆಬ್ಬಾತುಗಳು ಹಗಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾಗುವ ಹೊತ್ತಿಗೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ; ಅವು ಹಾರುವ ದಾರಿಯಲ್ಲಿ ರಾತ್ರಿಯಿಡೀ ದೀಪ ಉರಿಯುವ ಕಟ್ಟಡ ಎದ್ದರೆ ದೂರ ಎಷ್ಟಿದ್ದರೂ ತೊಂದರೆಯೇ.

ನನ್ನ ಸಲಹೆ ಇಷ್ಟು: ಕೊಠಡಿ, ಅಡುಗೆಮನೆ, ವಾಹನ ನಿಲುಗಡೆ ಎಲ್ಲವೂ ಊರೊಳಗಿರಲಿ. ಹಳೆಯ ಮನೆಯೊಂದನ್ನು ದುರಸ್ತಿ ಮಾಡಿಸಿದರೆ ಹೊಸ ಅಡಿಪಾಯದ ಖರ್ಚೂ ಉಳಿದೀತು. ಶೌಚಾಲಯವನ್ನಂತೂ ಕೆರೆಗೆ ನೀರು ಹರಿದುಬರುವ ಹಳ್ಳದ ಕಡೆ ಇಡಲೇಬಾರದು. ಗುಂಡಿಯಿಂದ ಇಂಗಿದ್ದು ಕಡೆಗೆ ಸೇರುವುದು ಕೆರೆಯನ್ನೇ.

ಗೋಪುರದ ಆಸೆ ಎಲ್ಲ ಸಂಘಗಳಿಗೂ ಇರುತ್ತದೆ, ಉದ್ಘಾಟನೆಯ ಫೋಟೊಗೂ ಅದು ಚೆನ್ನ. ಆದರೆ ಮೇಲೆ ನಿಂತವರ ಆಕಾರ ಆಕಾಶಕ್ಕೆ ಎದ್ದು ಕಾಣುವುದರಿಂದ ಹಕ್ಕಿಗಳು ಬೆದರುತ್ತವೆ. ಅದರ ಬದಲು ಬೆಳಗಿನ ಬಿಸಿಲು ನೋಡುವವರ ಬೆನ್ನಿಗೆ ಬೀಳುವಂತೆ ಪೂರ್ವದ ಕಡೆ, ಕಿಂಡಿಗಳಿರುವ ಬಿದಿರು ತಟ್ಟಿಯ ಮರೆಯೊಂದು ಸಾಕು. ಅದರ ಜಾಗವನ್ನು ಹಕ್ಕಿಗಳೇ ತೋರಿಸಲಿ. ಡಿಸೆಂಬರ್‌ನಲ್ಲಿ ನಿಧಾನವಾಗಿ ಕೆರೆಯತ್ತ ನಡೆಯಿರಿ. ತಲೆ ತಗ್ಗಿಸಿ ವಿಶ್ರಮಿಸುತ್ತಿದ್ದ ಹೆಬ್ಬಾತುಗಳು ಕುತ್ತಿಗೆ ನಿಮಿರಿಸಿ ನಿಂತ ಕೂಡಲೇ ನಿಂತು, ಅಲ್ಲಿಂದ ಸಾಕಷ್ಟು ಹಿಂದೆ ಸರಿದು ಗುರುತು ಹಾಕಿ. ತಟ್ಟಿ ಕಟ್ಟುವ ಕೆಲಸವನ್ನು ಮಾತ್ರ ಹಕ್ಕಿಗಳು ಮರಳಿಹೋದ ಮೇಲೆ, ಏಪ್ರಿಲ್‌ನಲ್ಲಿ ಹಿಡಿಯಿರಿ.