33 ಎನ್‌ಆರ್‌ಆರ್ (ಸದ್ದನ್ನು ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಎಂದು ಪೊಟ್ಟಣದ ಮೇಲೆ ಬರೆಯುವ ಅಂಕಿ) ಇರುವ ಇಯರ್‌ಪ್ಲಗ್ ಹಾಕಿದರೆ 103 ಡೆಸಿಬಲ್ ಸದ್ದು 70ಕ್ಕೆ ಇಳಿಯುತ್ತದೆಯೇ? 25ರದ್ದು ಸಾಲದೇ?

ಇಳಿಯುವುದಿಲ್ಲ. ಇದೇ ಕಳೆಯುವ ಲೆಕ್ಕವನ್ನು ನಂಬಿ ನಾನು ಎಡಗಿವಿಯಲ್ಲಿ ಹಗಲು ರಾತ್ರಿ ಗುಂಯ್‌ಗುಡುವ ಸದ್ದೊಂದನ್ನು ಗಳಿಸಿಕೊಂಡಿದ್ದೇನೆ.

ಮರಗೆಲಸದ ಕಾರ್ಖಾನೆಯಲ್ಲಿ ಪ್ಲೇನರ್ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಸದ್ದು ನೂರರ ಮೇಲೆಯೇ. ಪೊಟ್ಟಣದ ಮೇಲೆ 33 ಎಂದಿತ್ತು, ಅಷ್ಟಕ್ಕೇ ನಿಶ್ಚಿಂತೆ. ಆ ಅಂಕಿ ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ ಅಂಕಿ. ಅಲ್ಲಿ ಬಲ್ಲವರು ಪ್ಲಗ್ಗನ್ನು ಸರಿಯಾಗಿ ಕೂರಿಸುತ್ತಾರೆ, ಪರೀಕ್ಷೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ನಾನೋ, ಫೋಮನ್ನು ಒಮ್ಮೆ ಹಿಸುಕಿ ಕಿವಿಯ ಬಾಯಿಗೆ ಸಿಕ್ಕಿಸಿ ಕೆಲಸಕ್ಕೆ ಇಳಿಯುತ್ತಿದ್ದೆ. ಎದುರಿಗೆ ನಿಂತವರಿಗೆ ಹಳದಿ ತುದಿ ಎದ್ದು ಕಾಣುತ್ತಿತ್ತು. ಹಾಗೆ ಕಂಡರೆ ಪ್ಲಗ್ ಒಳಗೆ ಹೋಗಿಲ್ಲ ಎಂದೇ ಅರ್ಥ.

ಅದಕ್ಕಿಂತ ದುಬಾರಿಯಾದದ್ದು ಇನ್ನೊಂದು ಚಾಳಿ. ಜೊತೆಯವರು ಎಡಗಡೆಯಿಂದ ಏನಾದರೂ ಕೂಗಿದರೆ ಎಡ ಪ್ಲಗ್ ಕಿತ್ತು ಮಾತಾಡುತ್ತಿದ್ದೆ, ಯಂತ್ರ ಓಡುತ್ತಲೇ ಇರುತ್ತಿತ್ತು. ಎರಡೇ ನಿಮಿಷ ತಾನೇ ಎಂಬ ಧೈರ್ಯ. ಡೆಸಿಬಲ್ ಲೆಕ್ಕ ನಮ್ಮ ಕೂಡಿ ಕಳೆಯುವ ಲೆಕ್ಕವಲ್ಲ. 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿ, 10 ಏರಿದರೆ ಹತ್ತು ಪಟ್ಟು, 30 ಏರಿದರೆ ಸಾವಿರ ಪಟ್ಟು. ಅಂದರೆ 30 ಡೆಸಿಬಲ್ ತಡೆಯುವ ಪ್ಲಗ್ಗನ್ನು ಒಂದು ನಿಮಿಷ ತೆಗೆದರೆ, ಆ ಕಿವಿ ಹಾಕಿಕೊಂಡ ಸಾವಿರ ನಿಮಿಷಗಳಲ್ಲಿ ತಿನ್ನುವಷ್ಟು ಸದ್ದನ್ನು ತಿಂದಿರುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಬಿಡಿಬಿಡಿಯಾಗಿ ಅರ್ಧ ಗಂಟೆ ತೆಗೆದಿರಿ ಎನ್ನಿ, 30ರ ರಕ್ಷಣೆ ಸರಾಸರಿಯಲ್ಲಿ 12ಕ್ಕೆ ಕುಸಿಯುತ್ತದೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ನನ್ನ ಬಲಗಿವಿಯ ಗೆರೆ ಹೆಚ್ಚುಕಡಿಮೆ ಸಮವಾಗಿತ್ತು. ಎಡಗಿವಿಯದು 4000 ಹರ್ಟ್ಸ್ ಬಳಿ ಗುಂಡಿಗೆ ಬಿದ್ದಿತ್ತು. ಕಳೆದುಹೋದದ್ದು ಮರಳುವುದಿಲ್ಲ ಎಂದರು.

ನಿಮ್ಮ ಲೆಕ್ಕಕ್ಕೆ ಬರೋಣ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಸೂಚಿಸುವ ಕ್ರಮದಲ್ಲಿ, ಮಾಪಕದ ಎ ಮಾನದಲ್ಲಿ (ಮನುಷ್ಯರ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಅಳತೆ) ಅಳೆದ ಸದ್ದಾದರೆ ಎನ್‌ಆರ್‌ಆರ್‌ನಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡಬೇಕು. 33ರಲ್ಲಿ 7 ಹೋದರೆ 26, ಅದರ ಅರ್ಧ 13. ನಿಮ್ಮ 103 ಇಳಿಯುವುದು 90ಕ್ಕೆ. 85 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 3 ಏರಿದಾಗ ಅರ್ಧ ಹೊತ್ತು ಎಂಬ, ಅಲ್ಲಿನದೇ ಕಾರ್ಮಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಿಯೋಶ್‌ನ ಮಿತಿಯಲ್ಲಿ 90ಕ್ಕೆ ಸಿಗುವುದು ಸುಮಾರು ಎರಡೂವರೆ ಗಂಟೆ.

ಹಾಗಾಗಿ 33ಓ 25ಓ ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಾಳಿ ಮುಗಿಯುವವರೆಗೆ ತೆಗೆಯಬೇಕೆನಿಸದ್ದು ಯಾವುದೋ ಅದನ್ನು ಕೊಳ್ಳಿ. ಫೋಮ್ ಆದರೆ ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತಳ್ಳಿ. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ. ಇಷ್ಟು ತಾಳ್ಮೆ ಇಲ್ಲದಿದ್ದರೆ ಇಯರ್‌ಮಫ್ ವಾಸಿ, ಆದರೆ ಕನ್ನಡಕದ ಕಡ್ಡಿ ಅದರ ಮೆತ್ತೆಯಡಿ ಸಂದು ಮಾಡುತ್ತದೆ, ನೋಡಿಕೊಳ್ಳಿ. ನಿಮ್ಮ 103ಕ್ಕಂತೂ ನಾನು ಎರಡನ್ನೂ ಒಟ್ಟಿಗೆ ಹಾಕುತ್ತೇನೆ. ಆಗಲೂ ಎರಡರ ಅಂಕಿ ಕೂಡಿಸಬೇಡಿ, ಹೆಚ್ಚಿನದಕ್ಕೆ ಸುಮಾರು 5 ಸೇರುತ್ತದೆ, ಅಷ್ಟೇ. ಮಾತಾಡಬೇಕಾದರೆ ಮೊದಲು ಯಂತ್ರ ನಿಲ್ಲಿಸಿ.