ಕೋಳಿಮರಿಗೆ ಮೊದಲು ಕಾವು ಬೇಕು

ಜಗಳೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ಸಂತೆ ಮುಗಿದ ಮೇಲೆ ಚರಂಡಿಯಲ್ಲಿ ಬಿದ್ದಿದ್ದ, ಗುಲಾಬಿ ಬಣ್ಣ ಹಚ್ಚಿದ ಕೋಳಿಮರಿಯನ್ನು ಮಗಳು ಎತ್ತಿ ತಂದಿದ್ದಾಳೆ. ಮೂರನೆಯ ದಿನಕ್ಕೆ ಅದರ ಹಿಂಭಾಗದಲ್ಲಿ ಹಿಕ್ಕೆ ಅಂಟಿ ಗಟ್ಟಿಯಾಗಿದೆ, ಮರಿ ತೂಕಡಿಸುತ್ತಿದೆ. ಅಜ್ಜಿ ಕಿತ್ತು ಹಾಕಿ ಎನ್ನುತ್ತಾರೆ. ಏನು ಮಾಡಲಿ?

ಮಾನ್ಯರೆ,

ದಯವಿಟ್ಟು ಕೀಳಬೇಡಿ. ಒಣಗಿದ ಹಿಕ್ಕೆಯ ಜೊತೆಗೆ ತುಪ್ಪುಳವೂ ಅದರಡಿಯ ಎಳೆ ಚರ್ಮವೂ ಕಿತ್ತು ಬರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಕೆಲವು ನಿಮಿಷ ಒತ್ತಿ ಹಿಡಿದರೆ ನೀರಿಗೆ ಬಿದ್ದ ಬೆಲ್ಲದಂತೆ ಅದು ತಾನಾಗಿ ಸಡಿಲವಾಗುತ್ತದೆ. ಆಗ ಮೆಲ್ಲಗೆ ಒರೆಸಿ, ತೇವವನ್ನು ಪೂರ್ತಿ ಆರಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿರಿ. ಗುದದ್ವಾರಕ್ಕಿಂತ ಕೆಳಗೆ, ಹೊಟ್ಟೆಯ ಮೇಲೆ ಹಕ್ಕಳೆಯಂಥದ್ದು ಕಂಡರೆ ಅದು ಹೊಕ್ಕುಳು, ಅದನ್ನು ಮುಟ್ಟಬಾರದು.

ಇಷ್ಟನ್ನೇ ಮಾಡಿದರೆ ನಾಳೆ ಮತ್ತೆ ಅಂಟುತ್ತದೆ. ಹೇಟೆಯ ರೆಕ್ಕೆಯಡಿ ಇರಬೇಕಾದ ಮರಿ ಚಳಿಗೋ ಪ್ರಯಾಣದ ದಣಿವಿಗೋ ಬಾಯಾರಿಕೆಗೋ ಸಿಕ್ಕಿದಾಗ ಹೀಗಾಗುವುದೇ ಹೆಚ್ಚು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ, ರಟ್ಟಿಗೆ ತಾಗದಂತೆ, ಹಳೆಯ ಬಗೆಯ 60 ವ್ಯಾಟ್ ಬಲ್ಬನ್ನು ತೂಗುಹಾಕಿ. ಎಲ್ಇಡಿ ಬಲ್ಬಿನಿಂದ ಈ ಕೆಲಸ ಆಗದು. ಮರಿ ಬಲ್ಬಿನಡಿ ಮುದುಡಿ ಒಂದೇ ಸಮನೆ ಕೂಗಿದರೆ ಚಳಿಯೆಂದೂ, ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ ತಿಳಿಯಿರಿ. ತಳಕ್ಕೆ ಪತ್ರಿಕೆಯ ಹಾಳೆ ಹಾಸಬೇಡಿ. ಸಂಪಾದಕನಾಗಿ ಹೀಗೆ ಹೇಳುವುದು ಕಷ್ಟವೇ, ಆದರೆ ನುಣುಪಿನ ಹಾಳೆಯ ಮೇಲೆ ಜಾರಿ ಎಳೆಯ ಕಾಲುಗಳು ಇಬ್ಬದಿಗೆ ಚಾಚಿಕೊಂಡುಬಿಡುತ್ತವೆ. ಗೋಣಿತಟ್ಟು ಹಾಸಿದರೆ ಸಾಕು.

ಮಂಡಕ್ಕಿ ತಿನ್ನಿಸುತ್ತಿರುವುದಾಗಿಯೂ ಬರೆದಿದ್ದೀರಿ. ದಾವಣಗೆರೆ ಸೀಮೆಯಲ್ಲಿ ಮನೆಗೆ ಬಂದವರಿಗೆಲ್ಲ ಮಂಡಕ್ಕಿ ಕೊಡುವುದು ನಮ್ಮ ರೂಢಿ, ಆದರೆ ಈ ಅತಿಥಿಗೆ ಅದು ಬೇಡ. ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರ ತರುವವರೆಗೆ ನವಣೆಯ ಸಣ್ಣ ನುಚ್ಚು, ಬೇಯಿಸಿದ ಮೊಟ್ಟೆಯ ಹಳದಿ ಭಾಗ ಸ್ವಲ್ಪ ಕೊಡಿ. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ನಾಲ್ಕು ಬೆಣಚುಕಲ್ಲು ಇರಲಿ. ಇಲ್ಲವಾದರೆ ತೂಕಡಿಸುವ ಮರಿ ಅದರಲ್ಲಿಯೇ ಬಿದ್ದು ನೆನೆಯುತ್ತದೆ.

ಎರಡು ದಿನದಲ್ಲಿ ಚೇತರಿಸದಿದ್ದರೆ, ಬಿಳಿ ಭೇದಿ ನಿಲ್ಲದಿದ್ದರೆ, ಉಸಿರಾಟದಲ್ಲಿ ಸದ್ದು ಕೇಳಿದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಕೋಳಿಗಳಲ್ಲಿ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ವಿಚಾರವನ್ನೂ ಅಲ್ಲಿಯೇ ಕೇಳಿರಿ. ಅಲ್ಲಿಯವರೆಗೆ ಮನೆಯ ಕೋಳಿಗಳ ಜೊತೆ ಬಿಡಬೇಡಿ, ಮರಿಯನ್ನು ಮುಟ್ಟಿದ ಮಗಳು ಸೋಪಿನಿಂದ ಕೈ ತೊಳೆಯಲಿ.

ಗುಲಾಬಿ ಬಣ್ಣ ಯಾವಾಗ ಹೋಗುತ್ತದೆಂದು ಅವಳು ಕೇಳಿದ್ದಾಳಲ್ಲ, ತುಪ್ಪುಳ ಉದುರಿ ಗರಿ ಮೂಡುವಾಗ ಅದು ತಾನೇ ಹೋಗುತ್ತದೆ. ಸ್ನಾನ ಮಾಡಿಸಲು ಹೊರಡಬೇಡಿ.

ಸಂಪಾದಕ