ಇಲ್ಲಿ ಇಂಟರ್ನ್‌ಶಿಪ್ ಮುಗಿಸಿದ ಆಪ್ಟೋಮೆಟ್ರಿಸ್ಟ್ ಕಣ್ಣಿನ ಔಷಧ ಬರೆಯಬಹುದೇ?

ಆಪ್ಟೋಮೆಟ್ರಿ, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕ ಬರೆಯುವ ವೃತ್ತಿ, ಓದುತ್ತಿರುವ ನೀವು ಕೇಳಿರುವುದು ಎರಡು ಪ್ರಶ್ನೆ. ಕಲಬುರಗಿಯಲ್ಲಿ ಕಣ್ಣಿನ ವೈದ್ಯರ ಕೈಕೆಳಗೆ ಇಂಟರ್ನ್‌ಶಿಪ್ ಮಾಡಿದರೆ ಔಷಧ ಬರೆಯುವ ಹಕ್ಕು ಸಿಗುತ್ತದೆಯೇ? ಮುಂದೆ ಬ್ರಿಟನ್ನಿಗೆ ಹೋದರೆ ಈ ಅನುಭವ ಲೆಕ್ಕಕ್ಕೆ ಬರುತ್ತದೆಯೇ? ಮೊದಲನೆಯದಕ್ಕೆ ಉತ್ತರ: ಸಿಗುವುದಿಲ್ಲ. ಎರಡನೆಯದಕ್ಕೆ ನನ್ನ ಉತ್ತರ: ಅಲ್ಲಿ ಔಷಧ ಬರೆಯುವ ಅರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ, ಕೆಲಸಕ್ಕೆ ಬರುತ್ತದೆ. ನಾನು ಇಲ್ಲಿನ ಬೋಧನಾ ಆಸ್ಪತ್ರೆಯೊಂದರಲ್ಲಿ ನೇತ್ರ ವೈದ್ಯ. ಇಂಟರ್ನ್‌ಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದು ನನ್ನ ಕೆಲಸದ ಒಂದು ಭಾಗ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ವೈದ್ಯರ ಜೊತೆ ಕೆಲಸ ಮಾಡುವ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆ ಆಪ್ಟೋಮೆಟ್ರಿಯನ್ನು ಒಂದು ವೃತ್ತಿಯೆಂದು ಗುರುತಿಸಿದೆ. ಆದರೆ ಸ್ಟೀರಾಯ್ಡ್ ಹನಿಯಂಥ ಷೆಡ್ಯೂಲ್ ಎಚ್ ಎಂಬ ಸರ್ಕಾರಿ ಪಟ್ಟಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯ ಮೇಲೆಯೇ ಮಾರಬೇಕು. ಬ್ರಿಟನ್ನಿನಲ್ಲಿ 2008ರಿಂದ ಆಪ್ಟೋಮೆಟ್ರಿಸ್ಟ್‌ಗಳು ಸ್ವತಂತ್ರವಾಗಿ ಔಷಧ ಬರೆಯಲು ಕಾನೂನಿನಲ್ಲಿ ಅವಕಾಶವಿದೆ. ಅದು ಪದವಿಯ ಜೊತೆಗೇ ಬರುವ ಹಕ್ಕಲ್ಲ. ಮೊದಲು ಅಲ್ಲಿನ ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿ ನೋಂದಾಯಿಸಿಕೊಳ್ಳಬೇಕು. ಆಮೇಲೆ ಅದು ಮಾನ್ಯ ಮಾಡಿದ ಕೋರ್ಸ್, ಅದರ ಭಾಗವಾಗಿ ಸುಮಾರು 90 ಗಂಟೆ ಅನುಭವಿ ವೈದ್ಯರ ಅಥವಾ ಔಷಧ ಬರೆಯುವ ಅರ್ಹತೆ ಇರುವವರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು, ಮತ್ತು ಮೌಲ್ಯಮಾಪನ. ಇಷ್ಟೆಲ್ಲ ಆದ ಮೇಲೂ ಕಣ್ಣು ಮತ್ತು ಅದರ ಸುತ್ತಲಿನ ಭಾಗದ ರೋಗಗಳಿಗೆ ಮಾತ್ರ ಬರೆಯಬಹುದು. ಚುಚ್ಚುಮದ್ದು ಬರೆಯುವಂತಿಲ್ಲ.

ಆ ಗಂಟೆಗಳಲ್ಲಿ ಕಲಿಯುವುದೇನು? ಔಷಧಗಳ ಹೆಸರನ್ನು ಯಾವ ಪುಸ್ತಕದಿಂದಲಾದರೂ ಬಾಯಿಪಾಠ ಮಾಡಬಹುದು. ನನ್ನ ಮಟ್ಟಿಗೆ ಔಷಧ ಬರೆಯಲು ಕಲಿಯುವುದು ರೋಗಿ ಮೊದಲ ಸಲ ಬಂದಾಗ ಅಲ್ಲ, ಎರಡನೆಯ ಸಲ ಬಂದಾಗ.

ಇಲ್ಲಿಯದೇ ಉದಾಹರಣೆ ಕೊಡುತ್ತೇನೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಕಣ್ಣಿಗೆ ಕಡ್ಡಿ ತಾಗಿದವರು, ಹೊಟ್ಟು ಬಿದ್ದವರು ಬರುತ್ತಾರೆ. ಚಿಂಚೋಳಿ ಕಡೆಯ ರೈತನೊಬ್ಬ ಬಂದ ಎಂದುಕೊಳ್ಳಿ. ಊರಿನ ಔಷಧದ ಅಂಗಡಿಯವನು ಕೊಟ್ಟ ಹನಿ ಹಾಕಿಕೊಂಡು ಕೆಂಪು ಇಳಿದಿದೆ, ನೋವೂ ಕಡಿಮೆಯಾಗಿದೆ, ಆದರೆ ಕಣ್ಣು ಮಂಜು. ಫ್ಲೋರೆಸೀನ್ ಎಂಬ ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡಿದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಮೇಲಿನ ಹುಣ್ಣು ಹಸಿರಾಗಿ ಹೊಳೆಯುತ್ತದೆ. ಬಿಳಿ ಬೆಳಕಿಗೆ ಬದಲಿಸಿದರೆ ಬೂದು ಬಣ್ಣದ ಒಣ ಕಲೆ, ಅಂಚು ಗರಿಯಂತೆ ಹರಡಿದೆ, ಪಕ್ಕದಲ್ಲೇ ಇನ್ನೊಂದು ಚಿಕ್ಕ ಚುಕ್ಕೆ. ಇದು ಶಿಲೀಂಧ್ರದ ಸೋಂಕು ಎಂಬ ಸಂಶಯ ಆಗಲೇ ಬರಬೇಕು. ಜೇಬಿನಲ್ಲಿರುವ ಬಾಟಲಿ ತೆಗೆಸಿ ಓದಿದರೆ ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಕೆಂಪು ಇಳಿಸಿದ್ದು ಅದೇ, ಹುಣ್ಣಿಗೆ ದಾರಿ ಮಾಡಿಕೊಟ್ಟದ್ದೂ ಅದೇ.

ಇಂಥ ಕಡೆ ನಾನು ತಕ್ಷಣ ಬಾಯಿ ಬಿಡುವುದಿಲ್ಲ. ಇಂಟರ್ನ್ ಮೊದಲು ಒಂದು ಹಾಳೆಯಲ್ಲಿ ತನ್ನ ತೀರ್ಮಾನ ಬರೆಯಬೇಕು: ಏನಿರಬಹುದು, ಯಾವ ಪರೀಕ್ಷೆ, ಯಾವ ಔಷಧ, ಎಷ್ಟು ಸಲ, ಮತ್ತೆ ಯಾವಾಗ ಬರಬೇಕು, ಏನಾದರೆ ಅದಕ್ಕೂ ಮುಂಚೆ ಓಡಿ ಬರಬೇಕು. ಆಮೇಲೆ ನಾನು ನೋಡುತ್ತೇನೆ. ಎಲ್ಲರೂ ಔಷಧದ ಸಾಲನ್ನು ಸರಿಯಾಗಿ ಬರೆಯುತ್ತಾರೆ: ಕೆರೆದು ತೆಗೆದ ಮಾದರಿಯಲ್ಲಿ ಶಿಲೀಂಧ್ರ ಕಂಡರೆ ಅದನ್ನು ಕೊಲ್ಲುವ ನಾಟಮೈಸಿನ್ ಹನಿ ಶೇ 5, ಗಂಟೆಗೊಮ್ಮೆ. ಕೊನೆಯ ಎರಡು ಸಾಲು ಖಾಲಿ. ನಾಟಮೈಸಿನ್ ಬಾಟಲಿಯ ತಳಕ್ಕಿಳಿಯುವ ಔಷಧ, ಚೆನ್ನಾಗಿ ಅಲುಗಾಡಿಸಿ ಹಾಕಬೇಕು ಎಂದು ರೋಗಿಗೆ ಹೇಳುವುದನ್ನೂ ಹೆಚ್ಚಿನವರು ಮರೆಯುತ್ತಾರೆ.

ಎರಡು ದಿನ ಬಿಟ್ಟು ಅದೇ ರೈತ ಬಂದಾಗ ಅದೇ ಇಂಟರ್ನ್ ಅಲ್ಲಿರಬೇಕು. ಅಂಚು ಮೊಂಡಾಗಿದೆಯೇ, ಹುಣ್ಣು ಆಳಕ್ಕಿಳಿದಿದೆಯೇ ಎಂಬುದು ಆಗ ತಿಳಿಯುತ್ತದೆ. ಕಷ್ಟ ಇರುವುದು ಇಲ್ಲಿಯೇ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಾಯಿಸಿ ಬರುವವರು ಸ್ವಲ್ಪ ಗುಣ ಕಂಡರೆ ಮತ್ತೆ ಬರುವುದಿಲ್ಲ. ಬಂದರೂ ಆ ಹೊತ್ತಿಗೆ ಇಂಟರ್ನ್ ಕನ್ನಡಕ ವಿಭಾಗದಲ್ಲಿರುತ್ತಾನೆ. ಹೀಗಾಗಿ ವರ್ಷವಿಡೀ ಮೊದಲ ದಿನದ ಕಣ್ಣುಗಳನ್ನೇ ನೋಡಿ, ತಾನು ಬರೆದದ್ದು ಏನಾಯಿತೆಂದು ತಿಳಿಯದೆಯೇ ಪ್ರಮಾಣಪತ್ರ ಪಡೆದವರಿದ್ದಾರೆ.

ಬೇಸಿಗೆಯ ಅಲರ್ಜಿಯೂ ಹಾಗೆಯೇ. ಯಾದಗಿರಿ ಕಡೆಯಿಂದ ಕಣ್ಣು ಉಜ್ಜುತ್ತಾ ಬರುವ ಹುಡುಗರಿಗೆ ಸ್ಟೀರಾಯ್ಡ್ ಹನಿ ಹಾಕಿದರೆ ಬಹುಬೇಗ ಆರಾಮ. ಆ ಆರಾಮವೇ ಅಪಾಯ. ತಾಯಿ ಅದೇ ಬಾಟಲಿಯನ್ನು ಅಂಗಡಿಯಲ್ಲಿ ತೋರಿಸಿ ತಿಂಗಳುಗಟ್ಟಲೆ ತರುತ್ತಾಳೆ, ಒಳಗೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ, ನರ ಹಾಳಾದ ಮೇಲೆ ಯಾವ ಹನಿಯೂ ಅದನ್ನು ಮರಳಿ ತರುವುದಿಲ್ಲ. ಸ್ಟೀರಾಯ್ಡ್ ಬರೆಯುವವನು ಒತ್ತಡ ಅಳೆಯುವ ದಿನಾಂಕವನ್ನೂ ಜೊತೆಗೇ ಬರೆಯಬೇಕು, ನಿಲ್ಲಿಸುವ ದಿನಾಂಕವನ್ನೂ. ಇನ್ನು ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾಕ್ಕೆ ಒತ್ತಡ ಇಳಿಸುವ ಟಿಮೊಲಾಲ್ ಹನಿ ಬರೆಯುವ ಮುನ್ನ ದಮ್ಮು ಇದೆಯೇ ಎಂದು ಕೇಳಲೇಬೇಕು. ಕಣ್ಣಿಗೆ ಹಾಕಿದ ಹನಿಯೂ ಅಸ್ತಮಾ ಕೆರಳಿಸಬಲ್ಲದು. ಕನ್ನಡದಲ್ಲಿ ಕೇಳಿದರೆ ತಲೆಯಾಡಿಸಿಬಿಡುವ ಅಜ್ಜಿಗೆ ಉರ್ದುವಿನಲ್ಲಿ ಇನ್ನೊಮ್ಮೆ ಕೇಳಿ.

ಆದ್ದರಿಂದ ಇಂಟರ್ನ್‌ಶಿಪ್ ಎಲ್ಲಿ ಮಾಡುತ್ತೀರಿ ಎನ್ನುವುದಕ್ಕಿಂತ ಕಾರ್ನಿಯಾ ಮತ್ತು ಗ್ಲಾಕೋಮಾ ರೋಗಿಗಳ ಮರುಭೇಟಿಯಲ್ಲಿ ನಿಮ್ಮನ್ನು ಕೂರಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ರೋಗಿಯ ಹೆಸರಿಲ್ಲದೆ, ನಿಮ್ಮ ತೀರ್ಮಾನ ಮತ್ತು ಮುಂದೇನಾಯಿತು ಎಂಬುದನ್ನು ಎದುರುಬದುರು ಪುಟಗಳಲ್ಲಿ ಬರೆದಿಡಿ.

ಕೆಲಸಕ್ಕೆ ಸೇರಿದ ಮೇಲೆ ಯಾವುದಾದರೂ ಕನ್ನಡಕದ ಅಂಗಡಿಯಲ್ಲಿ, ವೈದ್ಯರ ಸಹಿ ಮೊದಲೇ ಬಿದ್ದಿರುವ ಚೀಟಿ ಪುಸ್ತಕವನ್ನು ನಿಮ್ಮ ಮುಂದೆ ಇಡಬಹುದು. ಅದನ್ನು ಮುಟ್ಟಬೇಡಿ. ಕೆಂಪುಗಣ್ಣಿನವರು ಬಂದರೆ ದೃಷ್ಟಿ ಎಷ್ಟು, ಒತ್ತಡ ಎಷ್ಟು, ಕಾರ್ನಿಯಾ ಬಣ್ಣ ಹಿಡಿಯಿತೇ, ಈವರೆಗೆ ಯಾವ ಹನಿ ಹಾಕಿದ್ದಾರೆ ಎಂದು ಬಿಳಿ ಹಾಳೆಯಲ್ಲಿ ಬರೆದು ಆಸ್ಪತ್ರೆಗೆ ಕಳುಹಿಸಿ. ಅಂಥ ಹಾಳೆ ಹಿಡಿದು ಬಂದವರನ್ನು ನಾನಂತೂ ಸಾಲು ಬಿಡಿಸಿ ಮೊದಲು ನೋಡುತ್ತೇನೆ.